ಜಟೆ ಇನಾಸನ ಕಪಾಟಿನ ಹಾಡು

ಇದನ್ನು ಬರೆದುಕೊಡುತ್ತೇನೆ ಎಂದು ಮಸ್ಕತ್ತಿನ ನಮ್ಮ ಊರವರ ಕೂಟದ ವಾರ್ಷಿಕ ಸಂಚಿಕೆಯ ಸಂಪಾದಕರಿಗೆ ಮಾತು ಕೊಟ್ಟು ಬಹಳ ದಿನವಾಯಿತು. ಮೊದಲು ಕಣ್ಣಿನ ಪೊರೆಯ ನೆಪ ಹೇಳಿದೆ. ಪೊರೆ ತೆಗೆಸಿದ ಮೇಲೆ ಮಂಡಿನೋವಿನ ನೆಪ ಹೇಳಿದೆ. ಸಂಪಾದಕರು ಸಭ್ಯರು, ಯಾರೂ ಮಂಡಿಯಿಂದ ಬರೆಯುವುದಿಲ್ಲವಲ್ಲ ಎಂದು ಅವರು ಕೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಪುಟ ಮಾತ್ರ. ನೀವು ಜಟೆ ಇನಾಸರ ಬ್ಯಾಂಡಿನಲ್ಲಿ ಗಿಟಾರ್ ಬಾರಿಸಿದವರು, ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಿರಿ ಎಂದಿದ್ದರು. ನಾಲ್ಕು ಒಳ್ಳೆಯ ಮಾತು ನನ್ನ ಹತ್ತಿರ ಇದ್ದವು. ತೊಂದರೆ ಇದ್ದದ್ದು ಐದನೆಯದರಲ್ಲಿ.

ನಿನ್ನೆ ಸಂಜೆ ಅಲ್ ಗುಬ್ರಾದ ನಮ್ಮ ಕಟ್ಟಡದ ಲಿಫ್ಟಿಗೆ ಕಾಲಿಟ್ಟರೆ ಒಳಗೆಲ್ಲ ಲುಬಾನಿನ ವಾಸನೆ. ಈ ಊರಿನಲ್ಲಿ ಅದೇನೂ ವಿಶೇಷವಲ್ಲ. ನಮ್ಮ ಇಗರ್ಜಿಯಲ್ಲಿ ಹಬ್ಬದ ಪೂಜೆಗೆ ಹಾಕುವ ಧೂಪವನ್ನೇ ಇಲ್ಲಿಯವರು ದಿನಾ ಸಂಜೆ ಮನೆಯಲ್ಲಿ ಕೆಂಡದ ಮೇಲೆ ಹಾಕುತ್ತಾರೆ. ಅತಿಥಿ ಬಂದರೂ ಹಾಕುತ್ತಾರೆ, ಮೀನು ಹುರಿದರೂ ಹಾಕುತ್ತಾರೆ. ಕೆಳಗಿನ ಮಹಡಿಯ ಯಾರೋ ಧೂಪದ ಒಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಲಿಫ್ಟಿನಲ್ಲಿ ಹೋಗಿದ್ದಿರಬೇಕು. ನಾನು ಮಗಳ ಮನೆಯ ಮಹಡಿ ದಾಟಿ ಮೇಲಕ್ಕೆ ಹೋದೆ, ಮತ್ತೆ ಕೆಳಕ್ಕೆ ಬಂದೆ, ಮತ್ತೆ ಮೇಲಕ್ಕೆ ಹೋದೆ. ವಾಚ್‌ಮನ್ ಬಾಗಿಲಲ್ಲಿ ತಲೆ ಹಾಕಿ, ಅಂಕಲ್, ಲಿಫ್ಟ್ ಕೆಟ್ಟಿದೆಯೇ ಎಂದು ಹಿಂದಿಯಲ್ಲಿ ಕೇಳಿದ. ಲಿಫ್ಟ್ ಚೆನ್ನಾಗಿಯೇ ಇತ್ತು.

ಇನಾಸನನ್ನು ನೀವು ಈಗ ಮೊಬೈಲಿನಲ್ಲಿ ನೋಡಿರಬಹುದು. ಸೊಂಟದವರೆಗೆ ಇಳಿದ ಬಿಳಿ ಜಟೆ, ಮುಂದಿನ ಒಂದು ಹಲ್ಲಿಲ್ಲ, ತೊಡೆಯ ಮೇಲೆ ಗುಮಟೆ ಎಂಬ ಮಣ್ಣಿನ ಚರ್ಮವಾದ್ಯ. ಕಲ್ಯಾಣಪುರದ ಕಡೆಯವನು. ತಂದೆ ಇಗರ್ಜಿಯ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದರು. ಮದುವೆಗೂ ಅದೇ ತುತ್ತೂರಿ, ಹೆಣದ ಮುಂದೆಯೂ ಅದೇ. ಮಗ ಐಟಿಐ ಮುಗಿಸಿ ಎ.ಸಿ. ರಿಪೇರಿಯವನಾಗಿ ಮಸ್ಕತ್ತಿಗೆ ಬಂದ. ಮತ್ರಾದ ಸೂಕಿನ, ಅಂದರೆ ಹಳೆಯ ಪೇಟೆಯ, ಒಂದು ಕಿರಿದಾದ ಓಣಿಯಲ್ಲಿ ಕ್ಯಾಸೆಟ್ ಅಂಗಡಿಯೊಂದಿತ್ತು. ಅದರ ಯಜಮಾನ ಜಂಜಿಬಾರಿನಲ್ಲಿ ಹುಟ್ಟಿ ಬೆಳೆದು ಬಂದ ಒಮಾನಿ ಮುದುಕ, ಸಿಟ್ಟು ಬಂದರೆ ಸ್ವಾಹಿಲಿಯಲ್ಲಿ ಬೈಯುವವನು. ಆ ಅಂಗಡಿಯ ಎ.ಸಿ. ಮೇಲಿಂದ ಮೇಲೆ ಕೆಡುತ್ತಿತ್ತು. ಇನಾಸ ಏಣಿಯ ಮೇಲೆ ನಿಂತು ಗ್ಯಾಸ್ ತುಂಬಿಸುವಾಗ ಮುದುಕ ಕೆಳಗೆ ರೆಗೇ ಸಂಗೀತದ ಕ್ಯಾಸೆಟ್ ಹಾಕುತ್ತಿದ್ದ. ಕೆಲವು ಸಲ ಎ.ಸಿ. ಕೆಡದಿದ್ದರೂ ಇನಾಸ ಅದನ್ನು ರಿಪೇರಿ ಮಾಡಲು ಹೋಗುತ್ತಿದ್ದನೆಂದು ನನಗೆ ಆಮೇಲೆ ತಿಳಿಯಿತು. ಹೀಗೆ, ಸಮುದ್ರದ ಆಚೆಯ ಒಂದು ದ್ವೀಪದಲ್ಲಿ ಹುಟ್ಟಿದ ಸಂಗೀತ ಆಫ್ರಿಕಾದ ದಾರಿಯಾಗಿ ಮತ್ರಾಕ್ಕೆ ಬಂದು, ಉಡುಪಿ ಜಿಲ್ಲೆಯ ಒಬ್ಬನ ತಲೆಗೆ ಏಣಿಯ ಮೇಲೆ ಏರಿತು.

ಲುಬಾನಿನ ಚಟವೂ ಅದೇ ಅಂಗಡಿಯ ಕೊಡುಗೆ. ಮುದುಕ ಒಂದು ಮಣ್ಣಿನ ಧೂಪದ ಒಲೆಯನ್ನೂ ಒಂದು ಡಬ್ಬಿ ಲುಬಾನಿನ ಅಂಟನ್ನೂ ಕೊಟ್ಟು, ಹಾಡುವವನ ಗಂಟಲಿಗೆ ಇದು ಒಳ್ಳೆಯದು ಎಂದಿದ್ದನಂತೆ. ಇನಾಸನ ಕಂಪನಿಯ ಕ್ಯಾಂಪಿನ ರೂಮಿನಲ್ಲಿ ಬೇರೆಯವರ ಬೂಟು, ಒಣಮೀನು, ಒದ್ದೆ ಟವೆಲು ಎಲ್ಲ ಸೇರಿ ಒಂದು ಘಾಟು ಇರುತ್ತಿತ್ತು. ಪ್ರಾಕ್ಟೀಸಿಗೆ ಮೊದಲು ಅವನು ಕೆಂಡದ ಮೇಲೆ ನಾಲ್ಕು ಹರಳು ಹಾಕುವನು. ರೂಮು ತುಂಬ ಬಿಳಿ ಹೊಗೆ. ನಾನು ಕಣ್ಣೊರೆಸಿಕೊಂಡು ಗಿಟಾರ್ ಶ್ರುತಿ ಮಾಡುತ್ತಿದ್ದೆ. ಈ ಹೊಗೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನಾನು ಆಗ ಒಂದು ಸ್ಪೇರ್ ಪಾರ್ಟ್ಸ್ ಕಂಪನಿಯಲ್ಲಿ ಸ್ಟೋರ್‌ಕೀಪರ್. ಓದಿದ್ದು ಹೈಸ್ಕೂಲಿನವರೆಗೆ. ಆದರೆ ಇಗರ್ಜಿಯ ಗಾಯನ ಮಂಡಳಿಯಲ್ಲಿ ಗಿಟಾರ್ ಹಿಡಿಯುತ್ತಿದ್ದೆನಾದ್ದರಿಂದ ಕೂಟದವರು ನನ್ನನ್ನು ಸಾಂಸ್ಕೃತಿಕ ಕಾರ್ಯದರ್ಶಿ ಮಾಡಿದ್ದರು. ಈ ಹುದ್ದೆಯ ಬಗ್ಗೆ ನಿಮಗೆ ದೊಡ್ಡ ಕಲ್ಪನೆ ಬೇಡ. ಮೈಕು ಕೂಗಿದರೆ ಓಡುವುದು, ಬಿರಿಯಾನಿಯ ಟೋಕನು ಹಂಚುವುದು, ಅಧ್ಯಕ್ಷರ ಭಾಷಣಕ್ಕೆ ಮೊದಲ ಚಪ್ಪಾಳೆ ತಟ್ಟುವುದು. ಆದರೂ ನಾನು ವಿಸಿಟಿಂಗ್ ಕಾರ್ಡ್ ಮಾಡಿಸಿದ್ದೆ. ಊರಿಗೆ ಹೋದಾಗ ಬಸ್ಸಿನ ಕಂಡಕ್ಟರನಿಗೂ ಒಂದು ಕೊಟ್ಟಿದ್ದೇನೆ.

ಇನಾಸ ನನ್ನನ್ನು ಬ್ಯಾಂಡಿಗೆ ಸೇರಿಸಿಕೊಂಡದ್ದು ನನ್ನ ಕೈಚಳಕಕ್ಕಲ್ಲ. ನನ್ನ ಹತ್ತಿರ ಕಾರಿತ್ತು. ರೆಗೇಯಲ್ಲಿ ಗಿಟಾರಿನ ಕೆಲಸ ನೋಡಲು ಸುಲಭ. ತಾಳ ಬೀಳುವ ಜಾಗದಲ್ಲಿ ಕೈ ಎತ್ತಿಕೊಂಡು ಸುಮ್ಮನಿರಬೇಕು, ಅದು ಬಿದ್ದುಹೋದ ಮೇಲೆ ಒಂದು ಸಣ್ಣ ಏಟು ಹೊಡೆಯಬೇಕು. ಇಷ್ಟೇ. ಆದರೆ ನನ್ನ ಕೈ ಸ್ತುತಿಗೀತೆಗಳಲ್ಲಿ ಬೆಳೆದ ಕೈ. ತಾಳ ಎಲ್ಲಿ ಬೀಳುತ್ತದೋ ಅಲ್ಲಿಯೇ ಅದೂ ಹೋಗಿ ಬೀಳುತ್ತಿತ್ತು, ಪೂಜೆಗೆ ತಡವಾಗಿ ಬಂದವ ಮಂಡಿಯೂರುವ ಹಾಗೆ. ಇನಾಸ ಗುಮಟೆ ನಿಲ್ಲಿಸಿ ನನ್ನ ಮುಖ ನೋಡುವನು.

"ಮಾರಾಯ, ನಿನಗೆ ಎಲ್ಲ ಬರ್ತದೆ. ಸುಮ್ಮನೆ ಇರ್ಲಿಕ್ಕೆ ಮಾತ್ರ ಬರುದಿಲ್ಲ."

ಅವನ ಮೇಲೆ ತಕರಾರುಗಳು ಮೊದಲಿನಿಂದಲೂ ಇದ್ದವು. ಯಾರದೋ ಮದುವೆಯ ಮುನ್ನಾದಿನ, ವರನಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ, ಅಜ್ಜಿಯಂದಿರು ನಿಧಾನವಾಗಿ ಹಾಡುವ ಶಾಸ್ತ್ರದ ಹಾಡನ್ನು ಅವನು ರೆಗೇಗೆ ತಂದ. ಅಜ್ಜಿಯಂದಿರೇ ಎದ್ದು ಕುಣಿದರು. ಸಿಟ್ಟಾಗಿ ಹೊರಗೆ ಹೋದವರು ಅವರ ಗಂಡುಮಕ್ಕಳು. ಹಬ್ಬದ ದಿನ ಮಾತೆಯ ಸ್ತುತಿಯೊಂದಕ್ಕೆ ಗುಮಟೆಯ ಪೆಟ್ಟು ಕೊಟ್ಟ. ಫಾದರ್ ಮೂರು ವಾರ ಅವನ ಜೊತೆ ಮಾತಾಡಲಿಲ್ಲ. ಜಟೆ ಯಾಕೆ ಎಂದು ಕೇಳಿದವರಿಗೆ ಹರಕೆ ಎನ್ನುತ್ತಿದ್ದ. ಯಾವ ಹರಕೆ ಎಂದರೆ, ಕೂದಲು ತೆಗೆಸುವುದಿಲ್ಲ ಎಂಬ ಹರಕೆ ಎನ್ನುತ್ತಿದ್ದ. ಆದರೂ ಜನ ಅವನನ್ನು ಬಿಡಲಿಲ್ಲ. ಅವನಿಲ್ಲದೆ ಕಾರ್ಯಕ್ರಮಕ್ಕೆ ಟಿಕೆಟು ಹೋಗುತ್ತಿರಲಿಲ್ಲ.

ಇನ್ನು ನಮ್ಮ ಮನೆಯ ಸಂಗತಿಗೆ ಬರಬೇಕು. ನನ್ನ ಪೆನ್ನು ಇಲ್ಲಿ ನಿಂತಿತು. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದಿದ್ದೇನೆ.

ನನ್ನ ಹೆಂಡತಿ ಲಿಲ್ಲಿಯೂ ಕೆಲಸಕ್ಕೆ ಹೋಗುತ್ತಿದ್ದಳು. ಮಗಳನ್ನು ನೋಡಿಕೊಳ್ಳಲು ಕಾರ್ಕಳದ ಕಡೆಯಿಂದ ಒಬ್ಬ ಹುಡುಗಿಯನ್ನು ಕರೆಸಿಕೊಂಡಿದ್ದೆವು. ನನ್ನ ಅರಬಾಬ್, ಅಂದರೆ ಕಂಪನಿಯ ಯಜಮಾನ, ವೀಸಾ ತೆಗೆಸಿಕೊಟ್ಟಿದ್ದ. ಅವಳು ಬಂದಿಳಿದ ದಿನವೇ ನಾನು ಅವಳ ಪಾಸ್‌ಪೋರ್ಟ್ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ನನ್ನ ಪಾಸ್‌ಪೋರ್ಟನ್ನು ನನ್ನ ಕಂಪನಿ ಇಟ್ಟುಕೊಂಡಿತ್ತು, ಅವಳದ್ದನ್ನು ನಾನು ಇಟ್ಟುಕೊಂಡೆ. ಒಬ್ಬರ ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿ ಇರುವುದು ಇಲ್ಲಿಯ ಪದ್ಧತಿ ಎಂದುಕೊಂಡಿದ್ದೆ. ಊರಿನ ತುಳುವರು ಕ್ರೈಸ್ತ ಒಡೆಯರನ್ನು ಕರೆಯುವ ಹಾಗೆ ಅವಳು ನಮ್ಮನ್ನು ಪೊರ್ಬುಲೆ, ಬಾಯಮ್ಮ ಎಂದು ಕರೆಯುತ್ತಿದ್ದಳು. ನಾವು ಅವಳನ್ನು ಮಗಾ ಎಂದು ಕರೆಯುತ್ತಿದ್ದೆವು. ಬಂದವರ ಮುಂದೆಲ್ಲ ಲಿಲ್ಲಿ, ಇವಳು ಕೆಲಸದವಳಲ್ಲ, ನಮ್ಮ ಮಗಳ ಹಾಗೆಯೇ ಎನ್ನುವಳು. ನಾನೂ ತಲೆದೂಗುತ್ತಿದ್ದೆ. ಹಾಗೆ ಕರೆದು ಕರೆದು ಅವಳಿಗೊಂದು ಹೆಸರಿದೆಯೆಂಬುದೇ ನಮ್ಮ ಮನೆಯಲ್ಲಿ ಮರೆತುಹೋಗಿತ್ತು.

ಒಂದು ದಿನ ಊರಿನಿಂದ ಫೋನು ಬಂತು: ಅವಳ ತಾಯಿ ತೀರಿಕೊಂಡಿದ್ದರು. ಅವಳು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು, ಹೆಣ ಎತ್ತುವ ಹೊತ್ತಿಗಂತೂ ಮುಟ್ಟುವುದಿಲ್ಲ, ಬೊಜ್ಜಕ್ಕಾದರೂ ಹೋಗಿಬರುತ್ತೇನೆ ಎಂದಳು. ನಮ್ಮ ಕಡೆ ಸತ್ತವರ ಉತ್ತರಕ್ರಿಯೆಯ ಊಟಕ್ಕೆ ಬೊಜ್ಜ ಎನ್ನುತ್ತಾರೆ. ಹೆತ್ತವರ ಬೊಜ್ಜಕ್ಕೆ ಹೋಗದ ಮಕ್ಕಳನ್ನು ಊರು ಮರೆಯುವುದಿಲ್ಲ. ಆದರೆ ಅದೇ ವಾರ ಇಗರ್ಜಿಯಲ್ಲಿ ನಮ್ಮ ಮಗಳಿಗೆ ಮೊದಲ ಪರಮಪ್ರಸಾದ ಕೊಡುವ ಶಾಸ್ತ್ರ. ಹಾಲ್ ಬುಕ್ ಆಗಿತ್ತು, ಮನೆ ತುಂಬ ನೆಂಟರು. ಲಿಲ್ಲಿ ನನ್ನ ಮುಖ ನೋಡಿದಳು.

"ಇದೊಂದು ಮುಗಿಯಲಿ ಮಗಾ. ಮತ್ತೆ ಕಳಿಸ್ತೇವೆ," ಎಂದೆ.

ಕಾರ್ಯಕ್ರಮಕ್ಕೆ ಅವಳೇ ಇಡ್ಲಿಯಂಥ ನಮ್ಮ ಸನ್ನ ಹುಯ್ದಳು. ಬಹಳ ಮೆತ್ತಗೆ ಬಂದಿತ್ತು ಎಂದು ನೆಂಟರು ಹೊಗಳಿದರು.

ಆ ದಿನಗಳಲ್ಲಿ ಬ್ಯಾಂಡಿನ ಪ್ರಾಕ್ಟೀಸ್ ಕೆಲವೊಮ್ಮೆ ನಮ್ಮ ಮನೆಯಲ್ಲಿ ನಡೆಯುತ್ತಿತ್ತು. ಅವಳು ಚಹಾ ತಂದಿಡುವಾಗ ಇನಾಸ ತುಳುವಿನಲ್ಲಿ ನಾಲ್ಕು ಮಾತಾಡುತ್ತಿದ್ದ. ತಾಯಿಯ ಬೊಜ್ಜ ಆಯಿತಾ ಎಂದು ಅವನು ಕೇಳಿದ. ಆಯಿತಂತೆ ಎಂದಳು. ಹೋಗಲಿಲ್ಲವಾ ಎಂದ. ಅವಳು ನಕ್ಕಳು. ನಾನು ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದೆ, ಅದು ಮೊದಲೇ ಬಿಗಿಯಾಗಿತ್ತು.

"ಪಾಸ್‌ಪೋರ್ಟ್ ಕಪಾಟಿನಲ್ಲಿ ಉಂಟಲ್ಲ, ಪೊರ್ಬುಲೆ. ಅದರ ಫೋಟೋದಲ್ಲಿ ನನ್ನ ಮುಖ ಹೇಗುಂಟು ಅಂತಲೇ ನನಗೆ ಮರೆತುಹೋಗಿದೆ," ಎಂದು ಅವನಿಗೆ ಹೇಳಿ ಖಾಲಿ ಟ್ರೇ ಎತ್ತಿಕೊಂಡು ಒಳಗೆ ಹೋದಳು.

ಕೂಟದ ವಾರ್ಷಿಕೋತ್ಸವದಲ್ಲಿ ಇನಾಸ ಪಟ್ಟಿಯಲ್ಲಿಲ್ಲದ ಒಂದು ಹಾಡು ಎತ್ತಿದ. ನನಗೂ ತಿಳಿಸಿರಲಿಲ್ಲ. ಗುಮಟೆಯ ಮೇಲೆ ಬೆರಳಿನ ಸಣ್ಣ ಪೆಟ್ಟು, ಮೇಲೆ ಅವನ ಒರಟು ಸ್ವರ:

"ಕಪಾಟಿಗೆ ಬೀಗ, ಬೀಗದೊಳಗೆ ಮುಖ,
ನನ್ನದೇ ಮುಖ, ಹೇಗುಂಟು ಹೇಳಿ."

ಸಭೆ ಮೊದಲು ತಲೆಯಾಡಿಸಿತು, ಆಮೇಲೆ ಅರ್ಥವಾಗಿ ತಲೆ ನಿಲ್ಲಿಸಿತು. ಎಲ್ಲರೂ ಮುಂದಿನ ಸಾಲಿನ ಸೋಫಾದತ್ತ ನೋಡಿದರು. ಅಲ್ಲಿ ಅಧ್ಯಕ್ಷರು ಕುಳಿತಿದ್ದರು. ಅವರ ಮನೆಯಲ್ಲಿ ಇಬ್ಬರು ಕೆಲಸದವರಿದ್ದರು. ಅವರ ಕಿವಿ ಕೆಂಪಾಯಿತು. ವೇದಿಕೆಯ ಮೇಲೆ ಗಿಟಾರ್ ಹಿಡಿದು ನಿಂತ ನನಗೆ ಎಂಥ ಸಮಾಧಾನವಾಯಿತೆಂದರೆ, ಆ ದಿನ ನನ್ನ ಕೈ ಒಂದೇ ಒಂದು ಸಲವೂ ತಪ್ಪಲಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ಶುದ್ಧ ರೆಗೇ ಬಾರಿಸಿದೆ.

ಸಮಾಧಾನ ಕಾರಿನವರೆಗೆ ಉಳಿಯಿತು. ಮಗಳು ಹಿಂದಿನ ಸೀಟಿನಲ್ಲಿ ಆ ಹುಡುಗಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಲಿಲ್ಲಿ ರಸ್ತೆ ನೋಡುತ್ತ ಕೊಂಕಣಿಯಲ್ಲಿ ಮೆಲ್ಲಗೆ, ಅದು ಅಧ್ಯಕ್ಷರ ಮನೆಯ ಹಾಡಲ್ಲ, ನಮ್ಮ ಮನೆಯದು ಎಂದಳು. ಕನ್ನಡಿಯಲ್ಲಿ ನೋಡಿದೆ. ಹುಡುಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳಿಗೆ ಕೊಂಕಣಿ ಬರುವುದಿಲ್ಲವೆಂದು ನಾವು ತಿಳಿದಿದ್ದೆವು. ನಮ್ಮ ಮನೆಯಲ್ಲಿ ಮೂರು ವರ್ಷ ಇದ್ದವಳಿಗೆ!

ನನಗೆ ಹೆದರಿಕೆ ಹತ್ತಿತು. ಇನಾಸ ಬಾಯಿಬಿಟ್ಟರೆ? ಅಧ್ಯಕ್ಷರೇ ಅವನನ್ನು ಕರೆದು, ಯಾರ ಮೇಲೆ ಹಾಡಿದೆ ಎಂದು ಕೇಳಿದರೆ? ನಾನು ಸಾಂಸ್ಕೃತಿಕ ಕಾರ್ಯದರ್ಶಿ, ಮಗಳ ಹಾಗೆ ನೋಡಿಕೊಳ್ಳುವವನು, ವಿಸಿಟಿಂಗ್ ಕಾರ್ಡಿನವನು.

ಕಮಿಟಿ ಸೇರಿತು. ಆ ಸಭೆಯಲ್ಲಿ ಯಾರೂ ಪಾಸ್‌ಪೋರ್ಟಿನ ಮಾತೆತ್ತಲಿಲ್ಲ. ಎಲ್ಲರ ಮನೆಯಲ್ಲೂ ಕಪಾಟಿತ್ತಲ್ಲ. ಮಾತು ಇನಾಸನ ಜಟೆಯಿಂದ ಸುರುವಾಗಿ, ಅಂಥ ಜಟೆಯವರು, ಅಂಥ ಸಂಗೀತದವರು ಏನು ಸೇದುತ್ತಾರೆ ಎಂಬಲ್ಲಿಗೆ ಬಂತು. ಅಧ್ಯಕ್ಷರು ನನ್ನತ್ತ ತಿರುಗಿದರು.

"ನೀವು ಅವನ ರೂಮಿಗೆ ಹೋಗುವವರು. ಹೇಳಿ, ಅಲ್ಲಿ ಎಂತ ನಡೀತದೆ?"

"ನಾನು ಹೋದಾಗೆಲ್ಲ ರೂಮು ತುಂಬ ಹೊಗೆ ಇರ್ತದೆ," ಎಂದೆ. "ಕಣ್ಣು ಉರೀತದೆ."

ಇಷ್ಟು ಹೇಳಿ ಸುಮ್ಮನಾದೆ. ಅದು ಧೂಪದ ಹೊಗೆ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದು, ಅಲ್ಲೇ ಕುಳಿತುಕೊಂಡಿತು. ಹಾಡಿದವನು ಕೆಟ್ಟವನೆಂದಾದರೆ ಹಾಡು ಸುಳ್ಳಾಗುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ, ಆದರೂ ಗೊತ್ತಿತ್ತು. ಸುಮ್ಮನಿರಲು ಬರುವುದಿಲ್ಲ ಎಂದು ಇನಾಸ ನನ್ನನ್ನು ಎಷ್ಟು ಬೈದಿದ್ದ! ಆ ದಿನ ನಾನು ಸರಿಯಾಗಿ ತಾಳ ಬೀಳುವ ಜಾಗದಲ್ಲೇ ಸುಮ್ಮನಿದ್ದೆ.

ಆ ಮಾತು ಯಾರ ಬಾಯಿಂದ ಅವನ ಕಂಪನಿಗೆ ತಲುಪಿತೋ ತಿಳಿಯದು. ಈ ದೇಶದಲ್ಲಿ ಗಾಂಜಾ ಎಂಬ ಶಬ್ದಕ್ಕೇ ಮನುಷ್ಯ ನಡುಗುತ್ತಾನೆ. ಕ್ಯಾಂಪಿನವರು ಅವನ ರೂಮು ಜಾಲಾಡಿದರು. ಸಿಕ್ಕಿದ್ದು ಒಂದು ಡಬ್ಬಿ ಲುಬಾನ್, ಒಂದು ಮಣ್ಣಿನ ಒಲೆ. ಹುಡುಕಲು ಬಂದ ಒಮಾನಿ ಆಫೀಸರ್ ಅದನ್ನು ಮೂಸಿ ನೋಡಿ, ಒಳ್ಳೆಯ ಮಾಲು, ಎಲ್ಲಿ ಸಿಕ್ಕಿತು ಎಂದು ಕೇಳಿದನಂತೆ. ಆದರೂ ಕಂಪನಿಗೆ ಗಲಾಟೆ ಬೇಕಿರಲಿಲ್ಲ. ವೀಸಾ ಕ್ಯಾನ್ಸಲ್. ಖಲಾಸ್. ಹೋಗುವ ದಿನ ಅವನು ನನಗೆ ಫೋನು ಮಾಡಿದ್ದ. ನಾನು ಎತ್ತಲಿಲ್ಲ.

ಆಮೇಲಿನ ಅವನ ಬದುಕು ನಿಮ್ಮಲ್ಲಿ ಹಲವರಿಗೆ ಗೊತ್ತು. ಗೋವಾದ ಹೋಟೆಲುಗಳಲ್ಲಿ ಪ್ರವಾಸಿಗರಿಗೆ ಹಾಡಿದ. ಊರಿಗೆ ಬಂದು ಮರಳು ತೆಗೆಯುವವರ ಮೇಲೆ ಹಾಡು ಕಟ್ಟಿ ಪೆಟ್ಟು ತಿಂದ. ಆ ಹಲ್ಲು ಹೋದದ್ದು ಆಗ. ಎರಡು ಇಗರ್ಜಿಗಳು ಅವನಿಗೆ ಹಾಲ್ ಕೊಡುವುದಿಲ್ಲ ಎಂದವು. ಗಾಂಜಾ ಇನಾಸ ಎಂಬ ಹೆಸರು ಮಸ್ಕತ್ತಿನಿಂದ ಅವನ ಹಿಂದೆಯೇ ವಿಮಾನ ಹತ್ತಿ ಹೋಗಿತ್ತು. ಅವನು ಬೀಡಿಯನ್ನೂ ಸೇದುವವನಲ್ಲ ಎಂದು ಹೇಳಬಲ್ಲವರು ಯಾರಾದರೂ ಇದ್ದರೆ ಅದು ನಾನು. ನಾನು ಇಲ್ಲಿ ಟೋಕನು ಹಂಚುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ಯಾರೋ ಅವನ ಕಪಾಟಿನ ಹಾಡನ್ನು ಮೊಬೈಲಿಗೆ ಹಾಕಿದರು. ಈಗ ಮದುವೆಗಳಲ್ಲಿಯೂ ಅದನ್ನು ಹಾಕಿ ಕುಣಿಯುತ್ತಾರೆ.

ಹಾಗಾಗಿ ಕಳೆದ ಚಳಿಗಾಲ ನಮ್ಮ ಕೂಟ ಅವನನ್ನು ಕರೆಸಿ ಶಾಲು ಹೊದೆಸಿತು. ಹಳೆಯ ಅಧ್ಯಕ್ಷರು ಈಗಿಲ್ಲ, ಲಿಲ್ಲಿಯೂ ಇಲ್ಲ. ಶಾಲಿನ ಮರುದಿನ ನಾನು ಟ್ಯಾಕ್ಸಿ ಮಾಡಿ ಇನಾಸನನ್ನು ಮತ್ರಾಕ್ಕೆ ಕರೆದುಕೊಂಡು ಹೋದೆ. ಕ್ಯಾಸೆಟ್ ಅಂಗಡಿ ಇದ್ದಲ್ಲಿ ಈಗ ಅತ್ತರು ಮತ್ತು ಶಾಲು ಮಾರುತ್ತಾರೆ. ಬಾಗಿಲಲ್ಲೇ ಲುಬಾನ್ ಉರಿಯುತ್ತಿತ್ತು. ಇನಾಸ ಮೂಗೆತ್ತಿ ಎಳೆದುಕೊಂಡು, ಎ.ಸಿ. ಸದ್ದು ಸರಿ ಇಲ್ಲ ಎಂದ. ನಾನು ಆ ಓಣಿಯಲ್ಲಿ, ಪ್ರವಾಸಿಗರು ಭುಜ ತಾಗಿಸಿ ಹೋಗುತ್ತಿದ್ದಂತೆಯೇ, ಕಮಿಟಿಯಲ್ಲಿ ನಾನು ಆಡಿದ್ದನ್ನೂ ಆಡದೆ ಬಿಟ್ಟದ್ದನ್ನೂ ಹೇಳಿ, ಕ್ಷಮಿಸು ಎಂದೆ. ಅದಕ್ಕಾಗಿ ನಾನು ದೊಡ್ಡ ಭಾಷಣ ಸಿದ್ಧಮಾಡಿಕೊಂಡಿದ್ದೆ. ಅರ್ಧದಲ್ಲಿ ಕೆಮ್ಮು ಬಂತು.

"ಗೊತ್ತುಂಟು ಮಾರಾಯ," ಎಂದ ಇನಾಸ. "ನನ್ನ ರೂಮಿನ ಹೊಗೆಯಲ್ಲಿ ಕಣ್ಣು ಉರಿಸಿಕೊಂಡವ ನೀನೊಬ್ಬನೇ. ಬೇರೆ ಯಾರು ಹೇಳ್ತಾರೆ?"

"ಮತ್ತೆ ಒಂದು ದಿನವೂ ಕೇಳಲಿಲ್ಲ ನೀನು?"

"ಫೋನ್ ಮಾಡಿದ್ದೆನಲ್ಲ. ನೀನು ಎತ್ತಲಿಲ್ಲ."

ಸ್ವಲ್ಪ ದೂರ ನಡೆದೆವು. ಅವನು ಸಮುದ್ರದ ಕಡೆಯ ಕಟ್ಟೆಯ ಮೇಲೆ ಕುಳಿತು ಜಟೆಯನ್ನು ಸೆರಗಿನ ಹಾಗೆ ಮುಂದಕ್ಕೆ ಹಾಕಿಕೊಂಡ. ನನ್ನ ಕ್ಷಮೆಯನ್ನು ಮೀನಿನ ಹಾಗೆ ತಿರುಗಿಸಿ ಮುರುಗಿಸಿ ನೋಡುತ್ತಿದ್ದಾನೆ ಎನ್ನಿಸಿತು.

"ನನಗೆ ಎಂತಕ್ಕೆ ಕ್ಷಮೆ? ನನಗೆ ಹಾಡು ಸಿಕ್ಕಿತು, ಶಾಲು ಸಿಕ್ಕಿತು. ಅವಳಿಗೆ ಎಂತ ಸಿಕ್ಕಿತು? ನೀನು ಅವಳ ಪಾಸ್‌ಪೋರ್ಟ್ ಇಟ್ಟುಕೊಂಡೆ, ನಾನು ಅವಳ ಮಾತು ಇಟ್ಟುಕೊಂಡೆ. ಇಬ್ಬರೂ ಕೇಳಿ ತೆಗೆದುಕೊಂಡದ್ದಲ್ಲ."

ಆಮೇಲೆ ಹೇಳಿದ. ಹಾಡು ಹೆಸರಾದ ಮೇಲೆ ಅವನು ಕಾರ್ಕಳದ ಕಡೆ ವಿಚಾರಿಸಿಕೊಂಡು ಅವಳ ಮನೆಗೆ ಹೋಗಿದ್ದನಂತೆ. ಅವಳಿಗೆ ಈಗ ಮೊಮ್ಮಕ್ಕಳು. ಮೊಬೈಲಿನಲ್ಲಿ ಹಾಡು ಕೇಳಿಸಿದನಂತೆ. ಪೂರ್ತಿ ಕೇಳಿದಳಂತೆ.

"ಚಂದ ಉಂಟು ಅಂತ ಹೇಳಿದಳು. ಮತ್ತೆ, ಇದರಲ್ಲಿ ನನ್ನ ಹೆಸರೇ ಇಲ್ಲವಲ್ಲ ಪೊರ್ಬುಲೆ ಅಂತ ಕೇಳಿದಳು. ನಾನು ಎಂತ ಹೇಳುದು? ಎಷ್ಟು ಹಾಡು ಕಟ್ಟಿದವ ನಾನು."

ನನಗೆ ನೆನಪಾದದ್ದು ವಿಮಾನ ನಿಲ್ದಾಣ. ಇನಾಸ ಹೋದ ಮೇಲಿನ ಬೇಸಗೆಯಲ್ಲಿ ನಾವು ಅವಳನ್ನು ಊರಿಗೆ ಕಳಿಸಿದೆವು. ಬೊಜ್ಜ ಮುಗಿದು ತಿಂಗಳುಗಳಾಗಿದ್ದವು. ಒಳಗೆ ಹೋಗುವ ಬಾಗಿಲಿನ ಹತ್ತಿರ ನಾನು ಪಾಸ್‌ಪೋರ್ಟನ್ನು ಅವಳ ಕೈಗೆ ಕೊಟ್ಟೆ, ಬಹುಮಾನ ಕೊಡುವವನ ಹಾಗೆ. ಹಿಂದೆ ಜನ ಕಾಯುತ್ತಿದ್ದರು. ಅವಳು ನಿಂತಲ್ಲೇ ಅದನ್ನು ಬಿಡಿಸಿ ಫೋಟೋದ ಪುಟವನ್ನು ಬಹಳ ಹೊತ್ತು ನೋಡಿದಳು.

"ಇದು ನಾನೇ," ಎಂದಳು.

ಟಿಕೆಟು ಜೋಪಾನ ಮಗಾ ಎಂದೆ ನಾನು. ನನಗೆ ಹೊಳೆದದ್ದು ಅಷ್ಟೇ.

ಮತ್ರಾದ ಕಟ್ಟೆಯ ಮೇಲೆ ಇನಾಸ ಅವಳ ನಂಬರು ಕೊಟ್ಟ. ನಾನು ಒಂದು ಚೀಟಿಯಲ್ಲಿ ಬರೆದುಕೊಂಡು, ಎಲ್ಲಿಟ್ಟೆನೆಂದು ಬಲ್ಲಿರಾ? ಕಪಾಟಿನಲ್ಲಿ. ಚಳಿಗಾಲ ಕಳೆಯಿತು, ಪೊರೆ ತೆಗೆಸಿದ್ದಾಯಿತು, ಮಂಡಿಯೂ ನೋಯುವಷ್ಟು ನೋಯಿತು.

ನಿನ್ನೆ ಲಿಫ್ಟಿನಿಂದ ಕೊನೆಗೂ ಹೊರಗೆ ಬಂದವನು ನೇರ ಹೋಗಿ ಆ ಚೀಟಿ ತೆಗೆದೆ. ಬಟ್ಟೆಗೆಲ್ಲ ಧೂಪದ ವಾಸನೆ ಹತ್ತಿತ್ತು. ಅಪ್ಪಾ, ಎಲ್ಲಿ ಹೋಗಿದ್ದೆ ಎಂದು ಮಗಳು ಅಡುಗೆಮನೆಯಿಂದ ಕೇಳಿದಳು, ಇಲ್ಲೇ ಎಂದೆ. ಕನ್ನಡಕ ಹಾಕಿಕೊಂಡು ನಂಬರನ್ನು ಮೊಬೈಲಿಗೆ ಒತ್ತಿದೆ. ಇನ್ನೂ ಕರೆ ಮಾಡಿಲ್ಲ. ನಾಳೆ ಭಾನುವಾರ, ಅಲ್ಲಿ ಮನೆಯಲ್ಲಿರುತ್ತಾಳೆ, ನಾಳೆ ಮಾಡುತ್ತೇನೆ. ಇದನ್ನು ಅಚ್ಚಿನಲ್ಲಿ ಹೇಳುತ್ತಿರುವುದು ನನಗೆ ಮತ್ತೆ ಮಂಡಿನೋವು ಬರಬಾರದೆಂದು.

ನಂಬರು ಉಳಿಸಬೇಕಾದರೆ ಮೊಬೈಲು ಹೆಸರು ಕೇಳುತ್ತದೆ. ಖಾಲಿ ಜಾಗ ತೋರಿಸಿ ಕಾಯುತ್ತದೆ. ನನ್ನ ಹೆಬ್ಬೆರಳು ಅಭ್ಯಾಸಬಲದಿಂದ ಮಗಾ ಎಂದು ಒತ್ತಿತು. ಅದನ್ನು ಅಳಿಸಿದೆ. ಕಪಾಟು ತೆಗೆದಾಗೆಲ್ಲ ಆ ನೀಲಿ ಪುಸ್ತಕದ ಒಳಪುಟದಲ್ಲಿ ನಾನು ನೋಡುತ್ತಿದ್ದ ಹೆಸರು, ಮೂರು ವರ್ಷ ಒಂದೇ ಮನೆಯಲ್ಲಿದ್ದು ಒಮ್ಮೆಯೂ ಬಾಯಿಬಿಟ್ಟು ಕರೆಯದ ಹೆಸರು, ಅದನ್ನು ಒಂದೊಂದೇ ಅಕ್ಷರವಾಗಿ ಒತ್ತಿದೆ.

ವಾರಿಜ.